25 ಸಾವಿರಕ್ಕೆ ಎಸ್.ಪಿ. ರೋಡ್‌ನಲ್ಲಿ ಒಳ್ಳೆಯ ಲ್ಯಾಪ್‌ಟಾಪ್ ಆರಿಸುವುದು ಹೇಗೆ?

ತಂಗಿ ಬಿಸಿಎ ಸೇರುತ್ತಿದ್ದಾಳೆ, ಕೈಯಲ್ಲಿರುವುದು 25 ಸಾವಿರ, ಹೊಸದು ತಗೊಳ್ಳಲೋ ಬೆಂಗಳೂರಿನ ಕಂಪ್ಯೂಟರ್ ಮಾರುಕಟ್ಟೆ ಎಸ್.ಪಿ. ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ನೋಡಲೋ ಅಂತ ಕೇಳಿದ್ದೀರಿ. ಸೆಕೆಂಡ್ ಹ್ಯಾಂಡೇ ನೋಡಿ ಅನ್ನುತ್ತೇನೆ.

ಈ ದುಡ್ಡಿಗೆ ಹೊಸದರಲ್ಲಿ ಸಾಮಾನ್ಯವಾಗಿ ಸಿಗುವುದು ಸೆಲೆರಾನ್ ಎನ್4500 ಥರದ ಎರಡೇ ಕೋರ್‌ನ ಪ್ರೊಸೆಸರ್. ಅದರ ಮೇಲೆ ಮೊಬೈಲ್ ಆ್ಯಪ್ ಮಾಡುವ ಆಂಡ್ರಾಯ್ಡ್ ಸ್ಟುಡಿಯೋ ತೆರೆದರೆ ಹುಡುಗಿಗೆ ಅಳುವೇ ಬರುತ್ತದೆ. ಐಟಿ ಕಂಪನಿಗಳು ಮೂರು–ನಾಲ್ಕು ವರ್ಷ ಬಳಸಿ, ಲೀಸ್ ಮುಗಿದ ಮೇಲೆ ಸಗಟಾಗಿ ಹೊರಬಿಡುವ ಲೆನೊವೊ ಥಿಂಕ್‌ಪ್ಯಾಡ್ ಟಿ ಸರಣಿ, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್‌ಗಳು ಬೇರೆಯದೇ ಜಾತಿ. ಕೀಬೋರ್ಡ್ ಗಟ್ಟಿ, ಹಿಂಜ್ ಗಟ್ಟಿ, ಬಿಡಿಭಾಗಗಳೂ ಅದೇ ಬೀದಿಯಲ್ಲಿ ಸಿಗುತ್ತವೆ.

ಅಂಗಡಿಯವರು ‘ಐ5 ಇದೆ ಸಾರ್’ ಅಂದರೆ ಅಷ್ಟಕ್ಕೇ ಒಪ್ಪಬೇಡಿ. ಅದು ಇಂಟೆಲ್ ಪ್ರೊಸೆಸರ್‌ನ ಹೆಸರಷ್ಟೇ, ಐ5 ಆದಮೇಲೆ ಬರುವ ಸಂಖ್ಯೆ ಓದಿ. 7200ಯು ಅಂದರೆ ಏಳನೇ ತಲೆಮಾರು, ಎರಡು ಕೋರ್. 8250ಯು ಅಂದರೆ ಎಂಟನೆಯದು, ನಾಲ್ಕು ಕೋರ್. ಹೆಸರು ಎರಡಕ್ಕೂ ಐ5. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರಿನಿಂದ ಮೇಲೆ ಬೇಕು. ಹಳೆಯದಕ್ಕೂ ಅಡ್ಡದಾರಿಯಲ್ಲಿ 11 ಹಾಕಿಟ್ಟಿರುತ್ತಾರೆ. ತೆರೆಯ ಮೇಲೆ 11 ಕಂಡ ಮಾತ್ರಕ್ಕೆ ನಂಬುವ ಹಾಗಿಲ್ಲ. ನಿಮ್ಮ ಬಜೆಟ್‌ನಲ್ಲಿ 8365ಯು ಅಥವಾ 10310ಯು ಹುಡುಕಿ. 11ನೇ ತಲೆಮಾರಿನ 1145ಜಿ7 ಸಿಕ್ಕರೆ ಬಿಡಬೇಡಿ. ರ‍್ಯಾಮ್ 16 ಜಿಬಿ ಇರುವುದನ್ನೇ ಕೇಳಿ. 2025ರ ಕೊನೆಯಿಂದ ಮೆಮೊರಿ ಬೆಲೆ ಏರಿ ಕೂತಿದೆ, ‘ಆಮೇಲೆ ಹಾಕಿಸಿದರಾಯ್ತು’ ಅನ್ನುವುದು ಈಗ ದುಬಾರಿ. ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್‌ನಲ್ಲಂತೂ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತದೆ, ಆಮೇಲೆ ಸೇರಿಸಲು ಬರುವುದೇ ಇಲ್ಲ.

ವಾರದ ದಿನ ಬೆಳಿಗ್ಗೆ ಹೋಗಿ, ಗಿರಾಕಿ ಕಡಿಮೆ ಇರುವಾಗ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆದೇ ಹೋಗಬಹುದು. ಪೆನ್‌ಡ್ರೈವ್‌ನಲ್ಲಿ ಡಿಸ್ಕ್ ಪರೀಕ್ಷಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡಿರಿ. ಒಂದು ಗಂಟೆ ಕೂತು ನೋಡಲು ಬಿಡದ ಅಂಗಡಿಯಿಂದ ಸುಮ್ಮನೆ ಎದ್ದು ಬನ್ನಿ.

ಮೊದಲು ಬಯಾಸ್, ಅಂದರೆ ವಿಂಡೋಸ್‌ಗೂ ಮುಂಚೆ ತೆರೆಯುವ ಯಂತ್ರದ ಸೆಟ್ಟಿಂಗ್ ಪುಟ. ಆನ್ ಮಾಡಿದ ಕೂಡಲೇ ಲೆನೊವೊದಲ್ಲಿ ಎಫ್1, ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10 ಒತ್ತಿ. ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ಬಿಡಿ, ಎಷ್ಟೇ ಅಗ್ಗವಾದರೂ ಬೇಡ. ಒಳಗೆ ಕಾಣುವ ಸೀರಿಯಲ್ ನಂಬರ್ ತಳದ ಸ್ಟಿಕ್ಕರ್‌ನದಕ್ಕೆ ಹೊಂದಬೇಕು. ಹೊಂದದಿದ್ದರೆ ಮದರ್‌ಬೋರ್ಡ್ ಅಥವಾ ತಳದ ಕವಚ ಬೇರೆ ಯಂತ್ರದ್ದು. ಅದೇ ನಂಬರನ್ನು ತಯಾರಕ ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿದರೆ ವಾರಂಟಿ ಯಾವಾಗ ಶುರುವಾಗಿತ್ತು ಅಂತ ಬರುತ್ತದೆ, ಯಂತ್ರದ ನಿಜವಾದ ವಯಸ್ಸು ಅಲ್ಲೇ ಗೊತ್ತಾಗುತ್ತದೆ.

ಜನ ಹೆಚ್ಚು ಏಮಾರುವುದು ಇದರ ಮುಂದಿನದರಲ್ಲಿ. ಮೊದಲು ಬಳಸಿದ ಕಂಪನಿ ತನ್ನ ಯಂತ್ರಗಳ ಪಟ್ಟಿಯಿಂದ ಲ್ಯಾಪ್‌ಟಾಪನ್ನು ತೆಗೆಯದೆ ಮಾರಿದ್ದರೆ, ಮುಂದೊಂದು ದಿನ ವಿಂಡೋಸ್ ರೀಸೆಟ್ ಮಾಡಿ ನೆಟ್ ಕೊಟ್ಟಾಗ ಆ ಕಂಪನಿಯ ಹೆಸರಿನ ಲಾಗಿನ್ ಪುಟ ಬಂದು ನಿಲ್ಲುತ್ತದೆ. ಅಂಗಡಿಯಲ್ಲಿ ನೆಟ್ ಇಲ್ಲದೆ ವಿಂಡೋಸ್ ಹಾಕಿರುವುದರಿಂದ ಆ ದಿನ ಏನೂ ಕಾಣಿಸುವುದಿಲ್ಲ. ಹಾಗಾಗಿ ರೀಸೆಟ್ ಮಾಡಿ ಇಟ್ಟಿರಲು ಮುಂಚೆಯೇ ಫೋನಿನಲ್ಲಿ ಹೇಳಿ, ನಿಮ್ಮ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ಮೊದಲ ಸೆಟಪ್ಪನ್ನು ನೀವೇ ಮಾಡಿ.

ಈಗ ಬ್ಯಾಟರಿ. ಸ್ಟಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಟರ್ಮಿನಲ್ ತೆರೆದು, ಇಂಗ್ಲಿಷಿನಲ್ಲಿ ‘powercfg /batteryreport’ ಅಂತ ಟೈಪ್ ಮಾಡಿ. ವರದಿ ಎಲ್ಲಿ ಸೇವ್ ಆಗಿದೆ ಅಂತ ಅದೇ ತೋರಿಸುತ್ತದೆ. ಡಿಸೈನ್ ಕೆಪ್ಯಾಸಿಟಿ 50,000, ಫುಲ್ ಚಾರ್ಜ್ ಕೆಪ್ಯಾಸಿಟಿ 31,000 ಅಂತಿದ್ದರೆ ಉಳಿದಿರುವುದು 62%. ಬೇಡ ಅನ್ನಬೇಕಿಲ್ಲ. ಪಕ್ಕದ ಅಂಗಡಿಯಲ್ಲಿ ಆ ಮಾಡೆಲ್‌ನ ಬ್ಯಾಟರಿಗೆ ಎಷ್ಟು ಅಂತ ಕೇಳಿಕೊಂಡು ಬಂದು, ಅಷ್ಟನ್ನು ಬೆಲೆಯಲ್ಲಿ ಕಳೆಯಲು ಹೇಳಿ. ‘ಸ್ವಲ್ಪ ಕಮ್ಮಿ ಮಾಡಿ’ ಅಂದರೆ ಐನೂರು ಇಳಿಸುತ್ತಾರೆ, ವರದಿ ತೋರಿಸಿದರೆ ಒಂದು ಬ್ಯಾಟರಿಯ ದುಡ್ಡು ಇಳಿಯುತ್ತದೆ. ಎರಡೂ ಸಂಖ್ಯೆ ಒಂದೇ ಇದ್ದು ಸೈಕಲ್ ಕೌಂಟ್ (ಎಷ್ಟು ಸಲ ಚಾರ್ಜ್ ಆಗಿದೆ ಅನ್ನುವ ಲೆಕ್ಕ) 0 ಇದ್ದರೆ ಬಹುಶಃ ಬ್ಯಾಟರಿ ಬದಲಾಗಿದೆ. ಒರಿಜಿನಲ್ಲೋ ಲೋಕಲ್ಲೋ ಕೇಳಿ.

ಎಸ್‌ಎಸ್‌ಡಿ, ಅಂದರೆ ಫೈಲ್‌ಗಳು ಉಳಿಯುವ ಡಿಸ್ಕ್, ಅದರ ಆರೋಗ್ಯ ಮತ್ತು ಓಡಿದ ಗಂಟೆಗಳನ್ನು ಕ್ರಿಸ್ಟಲ್ ಡಿಸ್ಕ್ ಇನ್ಫೋ ತೋರಿಸುತ್ತದೆ. ಆಫೀಸಿನಲ್ಲಿ ಮೂರು ವರ್ಷ ಓಡಿದ್ದಕ್ಕೆ ಆರು ಸಾವಿರ ಗಂಟೆ ಸಹಜ. ಹೆಸರೇ ಕೇಳದ ಬ್ರ್ಯಾಂಡ್ ಕಂಡರೆ ಒಳ್ಳೆಯದನ್ನು ತೆಗೆದು ಅಗ್ಗದ್ದು ಹಾಕಿದ್ದಾರೆ ಅಂತಲೇ ಲೆಕ್ಕ.

ಪರದೆ 1920×1080 ಇರಲೇಬೇಕು. 1366×768 ಬೇಡವೇ ಬೇಡ, ಕೋಡ್ ಬರೆಯುವವರಿಗೆ ವರ್ಷಗಟ್ಟಲೆ ಕಣ್ಣಿಗೆ ಹಿಂಸೆ. ಪೂರ್ತಿ ಬಿಳಿ ಚಿತ್ರ ಹಾಕಿದರೆ ಹಳದಿ ಕಲೆ, ಒತ್ತಿದ ಗುರುತು ಎದ್ದು ಕಾಣುತ್ತವೆ.

ಚಾರ್ಜರ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ಡೆಲ್‌ನ ದುಂಡು ಪಿನ್ನಿನ ಚಾರ್ಜರ್ ಡೂಪ್ಲಿಕೇಟ್ ಆಗಿ ಯಂತ್ರಕ್ಕೆ ಅದರ ಗುರುತು ಸಿಗದಿದ್ದರೆ, ಬ್ಯಾಟರಿ ಚಾರ್ಜ್ ಆಗದೇ ಹೋಗಬಹುದು, ಪ್ರೊಸೆಸರ್ ವೇಗವೂ ಬಿದ್ದುಹೋಗುತ್ತದೆ. ಬಯಾಸ್‌ನಲ್ಲಿ ಅಡಾಪ್ಟರ್ ಎಷ್ಟು ವ್ಯಾಟ್ ಅಂತ ಬರದೆ ‘ಅನ್‌ನೋನ್’ ಅಂತ ಬಂದರೆ ಬೇರೆ ಚಾರ್ಜರ್ ಕೊಡಿಸಿಕೊಳ್ಳಿ. ಜೊತೆಗೆ 15 ನಿಮಿಷ ಯೂಟ್ಯೂಬ್‌ನಲ್ಲಿ 4ಕೆ ವಿಡಿಯೋ ಓಡಿಸಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ವೇಗ ನೋಡುತ್ತಿರಿ. ಕೆಲಸವಿದ್ದಾಗಲೂ 0.8 ಗಿಗಾಹರ್ಟ್ಸ್ ಮೇಲೆ ಏರದಿದ್ದರೆ ಚಾರ್ಜರ್ ಸರಿಯಿಲ್ಲ, ಇಲ್ಲವೇ ಫ್ಯಾನ್ ಮತ್ತು ಪ್ರೊಸೆಸರ್‌ನ ಬಿಸಿ ಹೊರಹಾಕಲು ಹಚ್ಚುವ ಥರ್ಮಲ್ ಪೇಸ್ಟ್ ಕೆಟ್ಟಿವೆ.

ಹೇಳಿದ ಬೆಲೆಯಲ್ಲಿ ಜಿಎಸ್‌ಟಿ ಸೇರಿದೆಯಾ ಅಂತ ಚೌಕಾಸಿಗೆ ಇಳಿಯುವ ಮೊದಲೇ ಕೇಳಿ, ಕೊನೆಗೆ 18% ಸೇರಿಸಿದರೆ ಮಾಡಿದ ಚೌಕಾಸಿಯೆಲ್ಲ ನೀರುಪಾಲು. ಬಿಲ್ ಇಲ್ಲದೆ ಅಗ್ಗಕ್ಕೆ ಸಿಗುವುದು ಕಳವಿನ ಮಾಲೂ ಆಗಿರಬಹುದು. ಬಿಲ್‌ನಲ್ಲಿ ಸೀರಿಯಲ್ ನಂಬರ್ ಇರಲಿ, ‘ಮದರ್‌ಬೋರ್ಡ್, ಪರದೆ ಸೇರಿ 6 ತಿಂಗಳ ವಾರಂಟಿ’ ಅಂತ ಕೈಬರಹದಲ್ಲಾದರೂ ಬರೆಸಿಕೊಳ್ಳಿ. ಇನ್ನು ಇಳಿಯುವುದಿಲ್ಲ ಅಂತ ಪಟ್ಟು ಹಿಡಿದರೆ ಬೆಲೆ ಬಿಟ್ಟು ವಾರಂಟಿ ತಿಂಗಳು ಹೆಚ್ಚಿಸಲು ಕೇಳಿ, ಅದಕ್ಕೆ ಬೇಗ ಒಪ್ಪುತ್ತಾರೆ.

ಮನೆಗೆ ತಂದ ಮೊದಲ ವಾರ ತಂಗಿ ಎಲ್ಲ ಯುಎಸ್‌ಬಿ ಪೋರ್ಟ್, ಕ್ಯಾಮೆರಾ, ಮೈಕ್ ಬಳಸಿ ನೋಡಲಿ. ಮುಚ್ಚಿಟ್ಟು ಮಾರನೇ ದಿನ ತೆರೆದಾಗ ಎಚ್ಚರವಾಗುತ್ತದೆಯೇ ಅನ್ನುವುದನ್ನು ಎರಡು–ಮೂರು ರಾತ್ರಿ ಪರೀಕ್ಷಿಸಲಿ, ಬೋರ್ಡಿನ ದೋಷಗಳು ಹೀಗೆ ಹೊರಬೀಳುವುದುಂಟು. ಏನೇ ಕಂಡರೂ ಅಂದೇ ಅಂಗಡಿಗೆ ವಾಟ್ಸಾಪ್ ಮಾಡಿ ವಿಡಿಯೋ ಕಳಿಸಿ.