ಬಂದೂಕಿಗೆ ಸ್ಪ್ರೇ ಪೇಂಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮನೆಯಲ್ಲಿ ಲೈಸೆನ್ಸ್ ಇರುವ ಹಳೆಯ ಒಂಟಿ ನಳಿಗೆಯ ತೋಟಾ ಬಂದೂಕಿದೆ. ಕಪ್ಪು ಹೊಳಪು ಹೋಗಿ ಅಲ್ಲಲ್ಲಿ ತುಕ್ಕು ಕಾಣುತ್ತಿದೆ. ಸಾಮಾನ್ಯ ಸ್ಪ್ರೇ ಪೇಂಟ್ ಹೊಡೆದರೆ ನಿಲ್ಲುತ್ತದೆಯೇ?

ಉತ್ತರ: ನಿಲ್ಲುತ್ತದೆ, ಲೋಹದ ಮೇಲೆ ಎಣ್ಣೆ ಉಳಿಯದಿದ್ದರೆ ಮಾತ್ರ. ಬಂದೂಕೆಂದರೆ ವರ್ಷಗಟ್ಟಲೆ ಎಣ್ಣೆ ಕುಡಿದ ವಸ್ತು. ಸ್ಕ್ರೂ ತೂತು, ಪಿನ್ನಿನ ಸುತ್ತ, ಕೀಲಿನ ಸಂದು ಎಲ್ಲ ಕಡೆ ಅದು ಅವಿತಿರುತ್ತದೆ.

ಮೊದಲು ಬಂದೂಕನ್ನು ಕೀಲಿನ ಬಳಿ ಬಾಗಿಸಿ ತೆರೆದು ಚೇಂಬರ್, ಅಂದರೆ ತೋಟಾ ಕೂರುವ ಜಾಗ, ಖಾಲಿ ಇದೆಯೇ ನೋಡಿ, ಬೆರಳು ಹಾಕಿಯೂ ನೋಡಿ. ತೋಟಾಗಳು ಆ ಕೋಣೆಯಲ್ಲೇ ಇರಬಾರದು. ನಳಿಗೆ, ಮರದ ಹಿಡಿ ಬಿಡಿಸಿಡಿ. ತುಕ್ಕನ್ನು 0000 ನಂಬರಿನ ಸ್ಟೀಲ್ ವುಲ್‌ಗೆ ತುಸು ಎಣ್ಣೆ ಹಾಕಿ ಉಜ್ಜಿ ತೆಗೆಯಿರಿ. ನಂತರ 320ರ ಎಮರಿ ಪೇಪರ್‌ನಿಂದ ಹೊಳಪು ಸಾಯುವಷ್ಟು ಉಜ್ಜಿದರೆ ಸಾಕು. ನುಣುಪಾದ ಲೋಹಕ್ಕೆ ಬಣ್ಣ ಹಿಡಿಯುವುದಿಲ್ಲ. ಸೀರಿಯಲ್ ನಂಬರಿನ ಮೇಲೆ ಮಾತ್ರ ಎಮರಿ ತಾಗಿಸಲೇಬೇಡಿ, ಬಣ್ಣವನ್ನೂ ತುಂಬಬೇಡಿ, ಟೇಪ್ ಅಂಟಿಸಿ. ಆ ಅಂಕಿ ಮಾಸಿದರೆ ಲೈಸೆನ್ಸ್ ಇದ್ದೂ ಕಾನೂನಿನ ತೊಡಕಿಗೆ ಸಿಗುತ್ತೀರಿ.

ಈಗ ಅಸಿಟೋನ್. ಬಿಳಿ ಬಟ್ಟೆ ಒದ್ದೆ ಮಾಡಿ ಒರೆಸಿ, ಬಟ್ಟೆ ಬದಲಿಸಿ ಮತ್ತೆ ಒರೆಸಿ. ಬಟ್ಟೆಗೆ ಕಲೆಯೇ ಹತ್ತದಾಗುವ ತನಕ ಬಿಡಬೇಡಿ. ಪ್ಲಾಸ್ಟಿಕ್ ಭಾಗಕ್ಕೆ ಅಸಿಟೋನ್ ಬೇಡ, ಕರಗಬಹುದು. ಅಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಿದರೆ ಬೆರಳಿನ ಜಿಡ್ಡೇ ಸಾಕು, ಅದೇ ಆಕಾರದಲ್ಲಿ ಬಣ್ಣ ಎದ್ದು ಬರುತ್ತದೆ.

ನಳಿಗೆಯ ಎರಡೂ ತುದಿಗೆ ಸ್ಪಂಜಿನ ಬಿರಡೆ ಹಾಕಿ. ಕೀಲು, ಲಾಕ್ ಕೂರುವ ಮುಖ, ಟ್ರಿಗರ್ ಒಳಭಾಗ, ತೋಟಾ ಎಳೆಯುವ ಕೊಕ್ಕೆ, ಇವಕ್ಕೆಲ್ಲ ಮಾಸ್ಕಿಂಗ್ ಟೇಪ್ ಸುತ್ತಿ. ಬರಿ ಲೋಹ ಕಂಡಲ್ಲಿ ಸೆಲ್ಫ್ ಎಚಿಂಗ್ ಪ್ರೈಮರ್‌ನ (ಲೋಹವನ್ನು ತುಸು ಕೊರೆದು ಹಿಡಿಯುವ ತಳಬಣ್ಣ) ಒಂದು ತೆಳು ಕೋಟ್ ಕೊಡಿ. ಬಣ್ಣ ಆರಿಸುವಾಗ ಗೋಡೆ-ಗೇಟಿನದ್ದಕ್ಕಿಂತ ವಾಹನದ ಎಂಜಿನ್‌ಗೆ ಹೊಡೆಯುವ ಎಂಜಿನ್ ಎನಾಮೆಲ್ ಮೇಲು. ಅದು ಬಿಸಿಗೂ ಎಣ್ಣೆಗೂ ಹೆಚ್ಚು ತಡೆಯುತ್ತದೆ. ಡಬ್ಬಿಯೊಳಗಿನ ಗುಂಡು ಗಡಗಡ ಎಂದ ಮೇಲೂ ಒಂದು ನಿಮಿಷ ಕುಲುಕಿ. 25 ಸೆಂಟಿಮೀಟರ್ ದೂರದಿಂದ, ನಳಿಗೆಯ ಆಚೆಯಿಂದಲೇ ಒತ್ತಿ ಈಚೆ ದಾಟಿದ ಮೇಲೆ ಬಿಡಿ. ಮೊದಲ ಕೋಟ್‌ನಲ್ಲಿ ಲೋಹ ಇನ್ನೂ ಕಾಣುತ್ತಿರಬೇಕು. ಮೂರು ತೆಳು ಕೋಟ್, ನಡುವೆ ಹತ್ತು ಹದಿನೈದು ನಿಮಿಷ. ಒಂದೇ ಸಲಕ್ಕೆ ಮುಚ್ಚಲು ಹೋದವರಿಗೆ ಬಣ್ಣ ಇಳಿದು ಕಣ್ಣೀರಿನ ಗೆರೆಗಳಾಗುತ್ತವೆ.

ಪ್ರಶ್ನೆ: ನನ್ನ ಏರ್ ಗನ್‌ಗೆ ಬಣ್ಣ ಹೊಡೆದಾಗ ಸಣ್ಣ ಸಣ್ಣ ಕುಳಿಗಳು ಬಿದ್ದವು. ಮರುದಿನ ಇನ್ನೊಂದು ಕೋಟ್ ಕೊಟ್ಟರೆ ಮುದುಕನ ಚರ್ಮದಂತೆ ಸುಕ್ಕಾಯಿತು. ಏಕೆ?

ಉತ್ತರ: ಎರಡೂ ಬೇರೆ ಬೇರೆ ತಪ್ಪು. ಕುಳಿ ಬೀಳುವುದು ಎಣ್ಣೆಯಿಂದ, ಅದರಲ್ಲೂ ಸಿಲಿಕೋನ್ ಎಣ್ಣೆಯಿಂದ. ಏರ್ ಗನ್‌ಗಳಿಗೆ ಇದನ್ನು ಹಾಕುವುದು ರೂಢಿ. ಬಣ್ಣ ಅದರಿಂದ ಹಿಂದೆ ಸರಿದು ಕೂರುತ್ತದೆ. ಸುಕ್ಕಿಗೆ ಕಾರಣ ವೇಳೆ: ಹೊರಪದರ ಒಣಗಿ ಒಳಗೆ ಮೆತ್ತಗಿದ್ದಾಗ ಹೊಸ ಕೋಟಿನ ದ್ರಾವಕ ಒಳಗಿಳಿದು ಉಬ್ಬಿಸುತ್ತದೆ. ಬಹಳಷ್ಟು ಎನಾಮೆಲ್‌ಗಳಿಗೆ ಒಂದು ಗಂಟೆಯೊಳಗೆ, ಇಲ್ಲವೇ 48 ಗಂಟೆ ಕಳೆದ ಮೇಲೆ ಮುಂದಿನ ಕೋಟ್. ಡಬ್ಬಿಯ ಮೇಲೆ ಬರೆದ ಅವಧಿಯನ್ನೇ ಪಾಲಿಸಿ. ನಿಮ್ಮದನ್ನು ಈಗ ಪೂರ್ತಿ ಕೆರೆದು ತೆಗೆಯದೆ ಬೇರೆ ದಾರಿಯಿಲ್ಲ.

ಪ್ರಶ್ನೆ: ಬಣ್ಣ ಹೊಡೆದ ನಂತರ ರೈಫಲ್‌ನ ಬೋಲ್ಟ್ (ಹಿಂದೆ ಮುಂದೆ ಜಾರಿ ಚೇಂಬರ್ ಮುಚ್ಚುವ ಭಾಗ) ಬಿಗಿಯಾಗಿದೆ. ಕ್ಲೀನ್ ಮಾಡುವಾಗ ಬಣ್ಣವೂ ಏಳುತ್ತಿದೆ.

ಉತ್ತರ: ಮೂರು ಕೋಟ್ ಸೇರಿದರೆ ಹೆಚ್ಚುಕಡಿಮೆ ಕೂದಲಿನ ದಪ್ಪ. ಬೋಲ್ಟ್ ಜಾರುವ ದಾರಿಯಲ್ಲಿ ಅಷ್ಟು ಜಾಗ ಇರುವುದಿಲ್ಲ. ಉಜ್ಜಾಡುವ ಯಾವ ಮೈಗೂ ಬಣ್ಣ ಸಲ್ಲದು, ಅಲ್ಲಿರುವುದನ್ನು ಅಸಿಟೋನ್‌ನಿಂದ ತೆಗೆದು ಎಣ್ಣೆ ಹಾಕಿ. ಇನ್ನು ನಳಿಗೆ ತೊಳೆಯುವ ದ್ರಾವಕ ಎನಾಮೆಲನ್ನೂ ಕರಗಿಸುತ್ತದೆ. ನಳಿಗೆಯೊಳಗೆ ತೂರಿಸುವ ಕಡ್ಡಿಯ ಬಟ್ಟೆಗೆ ಅದನ್ನು ಹನಿ ಹನಿಯಾಗಿ ಹಾಕಿ, ಹೊರಗೆ ಸೋರಿದ್ದನ್ನು ಕೂಡಲೇ ಒರೆಸಿ. ಬಣ್ಣ ಮುಟ್ಟಿದರೆ ಒಣಗಿದಂತಿದ್ದರೂ ಗಟ್ಟಿಯಾಗಲು ಒಂದು ವಾರ ಬೇಕು. ಅದಕ್ಕೆ ಮೊದಲೇ ಬಳಸಿದರೆ ಹೀಗೆಯೇ ಏಳುತ್ತದೆ.

ಪ್ರಶ್ನೆ: ಮರದ ಹಿಡಿಗೂ ಅದೇ ಬಣ್ಣ ಹೊಡೆಯಬಹುದೇ?

ಉತ್ತರ: ಬೇಡ. ಎಣ್ಣೆ ಕುಡಿದ ಮರ ಬಿಸಿಲಿಗೆ ಅದನ್ನು ಹೊರಬಿಟ್ಟು ಬಣ್ಣವನ್ನು ಎಬ್ಬಿಸುತ್ತದೆ. ಹಳೆಯ ವಾರ್ನಿಶ್ ತೆಗೆದು ಅಗಸೆ ಎಣ್ಣೆ ತಿಕ್ಕಿ, ಮರದ ಎಳೆ ಕಾಣಲಿ. ಎಣ್ಣೆ ಹತ್ತಿದ ಬಟ್ಟೆಯನ್ನು ಉಂಡೆ ಮಾಡಿ ಬಿಸಾಡಬೇಡಿ, ತಾನಾಗಿ ಬೆಂಕಿ ಹೊತ್ತಿಕೊಳ್ಳುತ್ತದೆ, ಹರಡಿ ಒಣಗಿಸಿ.