ಪ್ರಶ್ನೋತ್ತರ: ಪ್ರಸಾರ ಮತ್ತು ಡಿಜಿಟಲ್ ಮಾಧ್ಯಮ ಓದುವವರಿಗೆ

ಪ್ರಸಾರ ಮತ್ತು ಡಿಜಿಟಲ್ ಮಾಧ್ಯಮ ನಿರ್ಮಾಣದ ಪದವಿ ಓದುತ್ತಿರುವವರಿಂದ, ಓದಬೇಕೆಂದಿರುವವರಿಂದ ಬಂದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ತೆರನಾದವನ್ನು ಸೇರಿಸಿ ಉತ್ತರಿಸಿದೆ. ಅರ್ಧದಷ್ಟು ಪತ್ರಗಳು ಧ್ವನಿಯ ಬಗ್ಗೆಯೇ ಇದ್ದುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಮಗಳಿಗೆ ರೇಡಿಯೊ, ಟಿ.ವಿ. ಕೆಲಸ ಕಲಿಯುವ ಆಸೆ. ಒಂದು ಕಡೆ ಪತ್ರಿಕೋದ್ಯಮ, ಇನ್ನೊಂದು ಕಡೆ ಮಾಧ್ಯಮ ಅಧ್ಯಯನ, ಮತ್ತೊಂದು ಕಡೆ ಮಾಧ್ಯಮ ನಿರ್ಮಾಣ ಎಂದು ಕೋರ್ಸುಗಳಿವೆ. ಏನು ನೋಡಿ ಆರಿಸಬೇಕು?

ಉತ್ತರ: ಹೆಸರು ಬಿಟ್ಟು ವಿಷಯಗಳ ಪಟ್ಟಿ ಮತ್ತು ಅಂಕ ಹಂಚಿಕೆ ನೋಡಿ. ಸಾಮಾನ್ಯವಾಗಿ ಪತ್ರಿಕೋದ್ಯಮದಲ್ಲಿ ವರದಿಗಾರಿಕೆ, ಬರವಣಿಗೆ, ಮಾಧ್ಯಮ ಕಾನೂನು ಮುಂದಿರುತ್ತವೆ. ಮಾಧ್ಯಮ ಅಧ್ಯಯನದಲ್ಲಿ ಸಿದ್ಧಾಂತ, ವಿಮರ್ಶೆ ಹೆಚ್ಚು. ನಿರ್ಮಾಣದ ಕೋರ್ಸಿನಲ್ಲಿ ಸ್ಕ್ರಿಪ್ಟ್, ಧ್ವನಿ, ಕ್ಯಾಮೆರಾ, ಬೆಳಕು, ಸಂಕಲನ, ಸ್ಟುಡಿಯೊ ಇರಬೇಕು. ನಿರ್ಮಾಣ ಎಂದು ಹೆಸರಿಟ್ಟುಕೊಂಡು ಹೆಚ್ಚಿನ ಅಂಕಗಳನ್ನೆಲ್ಲ ಬರೆಯುವ ಪರೀಕ್ಷೆಗೆ ಕೊಡುವ ಕಡೆ ಕೆಲಸ ಕೈಗೆ ಹತ್ತುವುದು ಕಷ್ಟ.

ವಿಶ್ವವಿದ್ಯಾಲಯಕ್ಕೆ ಹೋದಾಗ ಇಷ್ಟನ್ನು ಕೇಳಿ. ಒಂದು ಕ್ಯಾಮೆರಾ ಕಿಟ್‌ಗೆ ಎಷ್ಟು ವಿದ್ಯಾರ್ಥಿಗಳು? ಕಿಟ್ ಹೊರಗೆ ಕೊಡುತ್ತಾರೆಯೇ, ಕೊಟ್ಟರೆ ಎಷ್ಟು ದಿನಕ್ಕೆ? ತರಗತಿ ಮುಗಿದ ಮೇಲೆ ಸಂಕಲನದ ಕೋಣೆ ತೆರೆದಿರುತ್ತದೆಯೇ? ಉಪಕರಣ ನೋಡಿಕೊಳ್ಳಲು ಪೂರ್ಣಾವಧಿ ತಂತ್ರಜ್ಞರಿದ್ದಾರೆಯೇ? ವಿದ್ಯಾರ್ಥಿಗಳು ನಡೆಸುವ ರೇಡಿಯೊ ಅಥವಾ ಚಾನೆಲ್ ಇದೆಯೇ? ಗುಂಪಿನ ಕೆಲಸಕ್ಕೆ ಎಲ್ಲರಿಗೂ ಒಂದೇ ಅಂಕವೋ, ಅವರವರ ಪಾಲಿಗೆ ಬೇರೆಯೋ? ತಯಾರಿಸಿದ್ದರ ಹಕ್ಕು ವಿದ್ಯಾರ್ಥಿಯದೋ, ಸಂಸ್ಥೆಯದೋ? ಕೊನೆಯದನ್ನು ಯಾರೂ ಕೇಳುವುದಿಲ್ಲ. ಮುಂದೆ ಸ್ಪರ್ಧೆಗೋ ಉತ್ಸವಕ್ಕೋ ಕಳಿಸುವಾಗ ತೊಡಕಾಗುವುದು ಅದೇ.

ಉಪಕರಣದ ಬ್ರಾಂಡ್ ಕೇಳಿ ಮರುಳಾಗಬೇಡಿ. ಬೀರುವಿನಲ್ಲಿ ಬೀಗ ಹಾಕಿಟ್ಟ ದೊಡ್ಡ ಕ್ಯಾಮೆರಾಕ್ಕಿಂತ ವಾರಾಂತ್ಯಕ್ಕೆ ಕೈಗೆ ಕೊಡುವ ಚಿಕ್ಕ ಕ್ಯಾಮೆರಾ ಮೇಲು.

ಪ್ರಶ್ನೆ: ನಾನು ಚಿತ್ರೀಕರಿಸುವ ಸಂದರ್ಶನಗಳಲ್ಲಿ ಚಿತ್ರ ಚೆನ್ನಾಗಿರುತ್ತದೆ, ಮಾತು ಮಾತ್ರ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಒಳ್ಳೆಯ ಶಾಟ್‌ಗನ್ ಮೈಕ್ ಕ್ಯಾಮೆರಾದ ಮೇಲೆಯೇ ಇದೆ. ಎಡಿಟಿಂಗ್‌ನಲ್ಲಿ ಸರಿಪಡಿಸಬಹುದೇ?

ಉತ್ತರ: ತೊಂದರೆ ಇರುವುದು ಆ ‘ಕ್ಯಾಮೆರಾದ ಮೇಲೆಯೇ’ ಎನ್ನುವುದರಲ್ಲಿ. ಮಾತನಾಡುವವರ ಬಾಯಿಂದ ನೇರವಾಗಿ ಬರುವ ದನಿ ಒಂದು, ಗೋಡೆ, ನೆಲ, ಸೂರಿಗೆ ಬಡಿದು ಬರುವುದು ಇನ್ನೊಂದು. ಮೈಕ್ ಎಲ್ಲಿಟ್ಟರೂ ಎರಡನೆಯದು ಕೋಣೆಯ ತುಂಬ ಹೆಚ್ಚು ಕಡಿಮೆ ಒಂದೇ ಸಮ. ಮೊದಲನೆಯದು ದೂರ ಅರ್ಧವಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಏರುತ್ತದೆ. ಎರಡು ಮೀಟರ್ ದೂರದ ಮೈಕನ್ನು ಅರ್ಧ ಮೀಟರಿಗೆ ತಂದರೆ 12 ಡೆಸಿಬೆಲ್ ಲಾಭ. ಇದನ್ನು ಯಾವ ಸಾಫ್ಟ್‌ವೇರ್‌ನಿಂದಲೂ ಪಡೆಯಲಾಗದು. ಪ್ರತಿಧ್ವನಿ ತೆಗೆಯುವ ಪ್ಲಗಿನ್‌ಗಳು ಇವೆ, ಸ್ವಲ್ಪ ಹಾಕಿದರೆ ಸುಧಾರಿಸುತ್ತದೆ. ಹೆಚ್ಚು ಹಾಕಿದರೆ ದನಿ ತಗಡು ಬಡಿದಂತಾಗುತ್ತದೆ.

ಶಾಟ್‌ಗನ್ ಮೈಕ್ ಬಯಲಿಗೆ ಹೇಳಿ ಮಾಡಿಸಿದ್ದು. ಅದರ ಉದ್ದ ಕೊಳವೆಯ ಸೀಳುಗಳು ಪಕ್ಕದಿಂದ ಬಂದ ದನಿಯನ್ನು ಒಳಗೇ ರದ್ದಾಗಿಸುತ್ತವೆ. ಚಿಕ್ಕ ಕೋಣೆಯಲ್ಲಿ ಗೋಡೆಯಿಂದ ಮರಳಿದ ದನಿ ಎಲ್ಲ ಕಡೆಯಿಂದಲೂ ನುಗ್ಗುವುದರಿಂದ ಆ ಲೆಕ್ಕ ತಪ್ಪಿ ಮಾತಿಗೆ ಟೊಳ್ಳುತನ ಬರುತ್ತದೆ. ಒಳಾಂಗಣದಲ್ಲಿ ಹೈಪರ್‌ಕಾರ್ಡಿಯಾಯ್ಡ್ ಮೈಕನ್ನು (ಮುಂದಿನಿಂದ ಬರುವ ದನಿಯನ್ನೇ ಹೆಚ್ಚಾಗಿ ಹಿಡಿಯುವಂಥದ್ದು) ಬೂಮ್ ಕೋಲಿಗೆ ಕಟ್ಟಿ, ತಲೆಯ ಮೇಲೆ ಫ್ರೇಮಿನಿಂದ ಆಚೆಗಷ್ಟೇ ನಿಲ್ಲಿಸಿ, ಎದೆಯ ಕಡೆ ಮುಖ ಮಾಡಿಸಿ. ಅದಿಲ್ಲದಿದ್ದರೆ ಕಾಲರ್ ಮೈಕ್ ಸಾಕು: ಗದ್ದದಿಂದ ಒಂದು ಗೇಣು ಕೆಳಗೆ, ಎದೆಯ ನಡುವೆ. ಸೀರೆಯ ಸೆರಗು, ಸರ, ದಾರಕ್ಕೆ ಉಜ್ಜದಂತೆ ನೋಡಿಕೊಳ್ಳಿ. ತಂತಿಯನ್ನು ಕ್ಲಿಪ್ಪಿನ ಹತ್ತಿರ ಒಂದು ಸುತ್ತು ಸುತ್ತಿ ಸಿಕ್ಕಿಸಿದರೆ ಎಳೆತದ ಸದ್ದು ಮೈಕ್‌ವರೆಗೆ ಬರುವುದಿಲ್ಲ.

ಆಮೇಲೆ ಮಟ್ಟ. ರೆಕಾರ್ಡರಿನಲ್ಲಿ ಸ್ಯಾಂಪಲ್ ರೇಟ್ (ಸೆಕೆಂಡಿಗೆ ದನಿಯನ್ನು ಎಷ್ಟು ಸಲ ಅಳೆಯುವುದು ಎಂಬುದು) 48 ಕಿಲೋಹರ್ಟ್ಸ್, ಬಿಟ್ ಡೆಪ್ತ್ 24 ಬಿಟ್ ಇಡಿ. ಮಾತಿನ ಶಿಖರ (ಅತಿ ಜೋರಾದ ಕ್ಷಣದ ಮಟ್ಟ) ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಜೋರಾಗಿ ನಕ್ಕರೂ ಮೀಟರಿನ ಮೇಲ್ಮಿತಿಯಾದ ಸೊನ್ನೆ ಮುಟ್ಟಬಾರದು. ಸೊನ್ನೆಗೆ ಬಡಿದು ಚಪ್ಪಟೆಯಾದ ಅಲೆ ಮತ್ತೆ ನೆಟ್ಟಗಾಗುವುದಿಲ್ಲ. ಆಟೊ ಗೇನ್ (ದನಿಯ ಮಟ್ಟವನ್ನು ಯಂತ್ರವೇ ಏರಿಳಿಸುವ ಸೌಲಭ್ಯ) ಆಫ್ ಮಾಡಿ. ಅದು ಮಾತು ನಿಂತ ಕೂಡಲೇ ಗೇನ್ ಏರಿಸಿ ಫ್ಯಾನಿನ ಸದ್ದನ್ನು ಎತ್ತುತ್ತದೆ, ಮಾತು ಶುರುವಾದೊಡನೆ ಇಳಿಸುತ್ತದೆ. ಸಂಕಲನದಲ್ಲಿ ಈ ಏರಿಳಿತವನ್ನು ಮುಚ್ಚಿಡಲು ಆಗುವುದಿಲ್ಲ. ಕಂಡೆನ್ಸರ್ ಮೈಕ್ ಆದರೆ 48 ವೋಲ್ಟ್ ಫ್ಯಾಂಟಮ್ ಪವರ್ (ತಂತಿಯ ಮೂಲಕವೇ ಮೈಕ್‌ಗೆ ಹೋಗುವ ವಿದ್ಯುತ್) ಹಾಕಿದ್ದೀರಾ ನೋಡಿ. ಸಭಾಂಗಣದ ಮಿಕ್ಸರಿನಿಂದ ದನಿ ತೆಗೆದುಕೊಳ್ಳುವಾಗ ಇನ್‌ಪುಟ್ಟನ್ನು ಮೈಕ್‌ನಿಂದ ಲೈನ್‌ಗೆ (ಮೈಕ್‌ಗಿಂತ ಬಲವಾದ ಸಂಕೇತಕ್ಕೆ ಇರುವುದು) ಬದಲಿಸಿ. ಸಮಾರಂಭದ ರೆಕಾರ್ಡಿಂಗ್‌ಗಳು ಬಿರಿದು ಹೋಗಲು ಇದನ್ನು ಮರೆಯುವುದೂ ಒಂದು ಸಾಮಾನ್ಯ ಕಾರಣ.

ಕೊನೆಗೆ, ಎಲ್ಲರೂ ಎದ್ದು ಹೋಗುವ ಮೊದಲು ಒಂದು ನಿಮಿಷ ಯಾರೂ ಮಾತಾಡದೆ ಕೋಣೆಯ ಮೌನವನ್ನೇ ರೆಕಾರ್ಡ್ ಮಾಡಿಕೊಳ್ಳಿ. ಎರಡು ಮಾತುಗಳ ನಡುವೆ ಕತ್ತರಿಸಿದ ಜಾಗದಲ್ಲಿ ತುಂಬಲು ಬೇಕು. ಮತ್ತೆ, ಕಿವಿ ಮುಚ್ಚುವ ಹೆಡ್‌ಫೋನ್ ಇಲ್ಲದೆ ಸಂದರ್ಶನಕ್ಕೆ ಹೋಗಲೇಬೇಡಿ. ಮೀಟರ್ ಕುಣಿಯುತ್ತಿದೆ ಎಂದರೆ ಏನೋ ದಾಖಲಾಗುತ್ತಿದೆ ಎಂದಷ್ಟೇ. ಅದು ಮಾತೋ, ಉಜ್ಜಾಟವೋ, ಮೊಬೈಲಿನ ಗೊರಗೊರವೋ ಹೇಳುವುದು ಕಿವಿ ಮಾತ್ರ.

ಪ್ರಶ್ನೆ: ಟಿ.ವಿ.ಗೆ ಕೊಡುವ ಕಾರ್ಯಕ್ರಮದ ದನಿ ಮೈನಸ್ 23 ಇರಬೇಕು ಎಂದರು. ಮೀಟರಿನಲ್ಲಿ ಶಿಖರವನ್ನು ಮೈನಸ್ 23ಕ್ಕೆ ಇಳಿಸಿ ಕೊಟ್ಟೆ. ಏನೂ ಕೇಳಿಸುತ್ತಿಲ್ಲ ಎಂದು ವಾಪಸ್ ಬಂತು.

ಉತ್ತರ: ಅವರು ಹೇಳಿದ್ದು ಶಿಖರವನ್ನಲ್ಲ, ಇಡೀ ಕಾರ್ಯಕ್ರಮದ ಸರಾಸರಿ ಗಟ್ಟಿತನವನ್ನು (ಲೌಡ್‌ನೆಸ್). ಅದನ್ನು ಎಲ್‌ಯುಎಫ್‌ಎಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಯುರೋಪಿನ ಪ್ರಸಾರಕರ ಒಕ್ಕೂಟ 2010ರಲ್ಲಿ ತಂದ ಆರ್128 ಶಿಫಾರಸಿನಲ್ಲಿ ಇದು ಮೈನಸ್ 23. ಅಮೆರಿಕದ ಪದ್ಧತಿಯಲ್ಲಿ ಮೈನಸ್ 24. ಆರ್128ರಲ್ಲಿ ಶಿಖರಕ್ಕೆ ಬೇರೆಯೇ ಮಿತಿ ಇದೆ: ಟ್ರೂ ಪೀಕ್ ಮೈನಸ್ 1 ಡೆಸಿಬೆಲ್ ದಾಟಬಾರದು. ಸಂಕಲನದ ಸಾಫ್ಟ್‌ವೇರಿನಲ್ಲಿ ಲೌಡ್‌ನೆಸ್ ಮೀಟರ್ ತೆರೆದು, ಕಾರ್ಯಕ್ರಮವನ್ನು ಮೊದಲಿಂದ ಕೊನೆಯವರೆಗೆ ಓಡಿಸಿ, ಇಂಟಿಗ್ರೇಟೆಡ್ ಎಂಬ ಸಂಖ್ಯೆ ಓದಿ. ಮೈನಸ್ 27 ಬಂದರೆ ಒಟ್ಟು ಮಟ್ಟವನ್ನು 4 ಡೆಸಿಬೆಲ್ ಏರಿಸಬೇಕು. ಏರಿಸಿದಾಗ ಶಿಖರ ಮಿತಿ ದಾಟಿದರೆ ಲಿಮಿಟರ್ ಹಾಕಿ. ನಡುವೆ ನಿಲ್ಲಿಸಿ ಓದಿದ ಸಂಖ್ಯೆ ಲೆಕ್ಕಕ್ಕಿಲ್ಲ.

ಪ್ರಶ್ನೆ: ಒಂದು ಗಂಟೆಯ ಮಾತುಕತೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ದನಿಯನ್ನು ಬೇರೆ ರೆಕಾರ್ಡರಿನಲ್ಲಿ ಹಿಡಿದೆವು. ಆರಂಭದಲ್ಲಿ ತುಟಿಗೂ ಮಾತಿಗೂ ಹೊಂದಿಕೆ ಇದೆ, ಕೊನೆಗೆ ಬರುವಷ್ಟರಲ್ಲಿ ಇಲ್ಲ.

ಉತ್ತರ: ಮೂರು ಕಾರಣ ಇರಬಹುದು. ಮೊಬೈಲ್ ಸಾಮಾನ್ಯವಾಗಿ ಬೆಳಕಿಗೆ ತಕ್ಕಂತೆ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು) ಬದಲಿಸುತ್ತ ಹೋಗುತ್ತದೆ, ಸಂಕಲನದ ಸಾಫ್ಟ್‌ವೇರಿನ ಟೈಮ್‌ಲೈನ್ ಅದನ್ನು ಸ್ಥಿರ ಎಂದು ಭಾವಿಸುತ್ತದೆ. ಹ್ಯಾಂಡ್‌ಬ್ರೇಕ್‌ನಂಥ ಉಚಿತ ತಂತ್ರಾಂಶದಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟ್ ಆರಿಸಿ ಕಡತವನ್ನು ಬದಲಿಸಿ, ಆ ಕಡತವನ್ನೇ ಸಂಕಲನಕ್ಕೆ ತನ್ನಿ. ಎರಡನೆಯದು, ರೆಕಾರ್ಡರ್ 44.1 ಕಿಲೋಹರ್ಟ್ಸ್‌ನಲ್ಲಿ ಹಿಡಿದದ್ದನ್ನು ಸಂಕಲನದ ಯೋಜನೆ (ಪ್ರಾಜೆಕ್ಟ್) 48 ಎಂದು ಓದುತ್ತಿರುವುದು. ಹಾಗಾದರೆ ದನಿ ತುಸು ಕೀರಲಾಗಿ, ಮೊದಲ ನಿಮಿಷದಲ್ಲೇ ಐದು ಸೆಕೆಂಡಿನಷ್ಟು ಮುಂದೆ ಓಡುತ್ತದೆ. ನಿಮ್ಮ ವಿವರಣೆಗೆ ಇದು ಹೊಂದುವುದಿಲ್ಲ. ಮೂರನೆಯದು ಎರಡು ಯಂತ್ರಗಳ ಗಡಿಯಾರಗಳ ಸಣ್ಣ ವ್ಯತ್ಯಾಸ. ಅದಕ್ಕೆ ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಕ್ಯಾಮೆರಾ ಮುಂದೆ ಚಪ್ಪಾಳೆ ತಟ್ಟಿ. ಎರಡೂ ಚಪ್ಪಾಳೆ ಕೂಡುವಂತೆ ದನಿಯ ಉದ್ದವನ್ನು ಕೂದಲೆಳೆಯಷ್ಟು ಹಿಗ್ಗಿಸಬಹುದು. ಕೊನೆಯ ಚಪ್ಪಾಳೆ ಇಲ್ಲದಿದ್ದರೆ ಮೌನದ ಜಾಗಗಳಲ್ಲಿ ಕತ್ತರಿಸಿ, ತುಂಡು ತುಂಡಾಗಿ ಹೊಂದಿಸುವುದೇ ದಾರಿ.

ಪ್ರಶ್ನೆ: ಟ್ಯೂಬ್‌ಲೈಟ್ ಇರುವ ತರಗತಿಯಲ್ಲಿ ತೆಗೆದ ವಿಡಿಯೊದಲ್ಲಿ ಕಪ್ಪು ಪಟ್ಟೆಗಳು ಹರಿದಾಡುತ್ತವೆ.

ಉತ್ತರ: 50 ಹರ್ಟ್ಸ್ ವಿದ್ಯುತ್ತಿನಲ್ಲಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಅವಧಿ) 1/50 ಅಥವಾ 1/100 ಸೆಕೆಂಡ್ ಇಟ್ಟರೆ ಪ್ರತಿ ಫ್ರೇಮಿಗೂ ಪೂರ್ತಿ ಮಿನುಗುಗಳೇ ಸಿಗುತ್ತವೆ, ಪಟ್ಟೆ ಬರುವುದಿಲ್ಲ. 60 ಹರ್ಟ್ಸ್ ಇರುವ ದೇಶಗಳಲ್ಲಿ 1/60 ಅಥವಾ 1/120. ಬೆಳಕು ಹೆಚ್ಚಾಯಿತೆಂದು ಶಟರ್ ಏರಿಸುವುದರಿಂದಲೇ ಈ ತೊಂದರೆ ಶುರುವಾಗುವುದು. ಶಟರ್ ಮುಟ್ಟದೆ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ಕಂಡಿ) ಕಿರಿದು ಮಾಡಿ, ಇಲ್ಲವೇ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ. ಡಿಮ್ಮರಿನಿಂದ ಮಂಕಾಗಿಸಿದ ಕೆಲವು ಎಲ್‌ಇಡಿ ದೀಪಗಳು ಇದಕ್ಕೂ ಬಗ್ಗುವುದಿಲ್ಲ. ಅವನ್ನು ಪೂರ್ತಿ ಬೆಳಗಿಸಿ ದೂರ ಸರಿಸಿ.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿ 4ಕೆ ವಿಡಿಯೊ ತಡವರಿಸುತ್ತದೆ. ಹೊಸದು ಕೊಳ್ಳಲೇಬೇಕೇ? ಡಿಸ್ಕ್ ಬೇರೆ ತುಂಬಿ ಹೋಗುತ್ತಿದೆ.

ಉತ್ತರ: ಮೊದಲು ಪ್ರಾಕ್ಸಿ (ಸಂಕಲನಕ್ಕೆಂದೇ ಮಾಡುವ ಹಗುರ ಪ್ರತಿ) ಮಾಡಿ ನೋಡಿ. ಎಚ್.264, ಎಚ್.265 ಎಂಬ ಕುಗ್ಗಿಸಿದ ವಿಡಿಯೊ ಕಡತಗಳಲ್ಲಿ ಹೆಚ್ಚಿನ ಫ್ರೇಮುಗಳು ಪೂರ್ತಿ ಚಿತ್ರಗಳಲ್ಲ, ಅಕ್ಕಪಕ್ಕದ ಫ್ರೇಮಿಗಿಂತ ಏನು ಬದಲಾಯಿತು ಎಂಬ ಟಿಪ್ಪಣಿಗಳು. ಒಂದು ಫ್ರೇಮ್ ತೋರಿಸಲು ಯಂತ್ರ ಹಲವು ಫ್ರೇಮುಗಳನ್ನು ಬಿಡಿಸಬೇಕು, ತಡವರಿಕೆ ಅದರಿಂದ. ಪ್ರೊರೆಸ್ ಪ್ರಾಕ್ಸಿ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ ಮಾದರಿಯಲ್ಲಿ ಚಿಕ್ಕ ಪ್ರತಿ ಮಾಡಿಕೊಂಡರೆ ಹಳೆಯ ಯಂತ್ರದಲ್ಲೂ ಸರಾಗ. ಪ್ರಾಕ್ಸಿಯ ಫ್ರೇಮ್ ರೇಟ್, ಟೈಮ್‌ಕೋಡ್ (ಪ್ರತಿ ಫ್ರೇಮಿನ ಸಮಯದ ಗುರುತು), ಆಡಿಯೊ ಚಾನೆಲ್‌ಗಳ ಸಂಖ್ಯೆ ಮೂಲದಂತೆಯೇ ಇರಬೇಕು, ಇಲ್ಲವಾದರೆ ಕೊನೆಗೆ ಮೂಲಕ್ಕೆ ಜೋಡಿಸುವಾಗ ಗೋಜಲು. ಎಕ್ಸ್‌ಪೋರ್ಟ್ ಮೂಲದಿಂದಲೇ ಆಗುತ್ತಿದೆಯೇ ಎಂದು ಒಮ್ಮೆ ನೋಡಿ. ಕೊಳ್ಳುವುದೇ ಆದರೆ 16 ಜಿಬಿ ರ‍್ಯಾಮ್ ಕನಿಷ್ಠ, 32 ಇದ್ದರೆ ನೆಮ್ಮದಿ, ಜತೆಗೆ ಹೊರಗಿನ ಒಂದು ಎಸ್‌ಎಸ್‌ಡಿ.

ಜಾಗದ ಲೆಕ್ಕ ಸುಲಭ. ಕ್ಯಾಮೆರಾದ ಬಿಟ್‌ರೇಟನ್ನು 8ರಿಂದ ಭಾಗಿಸಿ. 100 ಮೆಗಾಬಿಟ್ ಎಂದರೆ ಸೆಕೆಂಡಿಗೆ 12.5 ಮೆಗಾಬೈಟ್, ನಿಮಿಷಕ್ಕೆ 750, ಗಂಟೆಗೆ 45 ಗಿಗಾಬೈಟ್. ಎಲ್ಲಕ್ಕೂ ಮೂರು ಪ್ರತಿ ಇರಲಿ, ಒಂದು ಬೇರೆ ಕಟ್ಟಡದಲ್ಲಿ. ಎರಡು ಕಡೆ ನಕಲಾಗಿ, ತೆರೆದು ನೋಡುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ತಪ್ಪಿ ಅಳಿಸಿದರೆ ಆ ಕಾರ್ಡಿನಲ್ಲಿ ಇನ್ನೊಂದು ಶಾಟನ್ನೂ ತೆಗೆಯದೆ ಹೊರಗಿಡಿ; ಮೇಲೆ ಹೊಸದು ಬರೆಯದಿದ್ದರೆ ರಿಕವರಿ ತಂತ್ರಾಂಶದಿಂದ ಮರಳಿ ಸಿಗುವ ಸಾಧ್ಯತೆ ಇದೆ.

ಪ್ರಶ್ನೆ: ಮುಂದಿನ ವಾರ ಮೂರು ಕ್ಯಾಮೆರಾಗಳ ಸ್ಟುಡಿಯೊ ನೇರಪ್ರಸಾರದ ಪರೀಕ್ಷೆ. ನನಗೆ ಫ್ಲೋರ್ ಮ್ಯಾನೇಜರ್ ಕೆಲಸ ಬಂದಿದೆ. ನಿರ್ದೇಶನ ಸಿಗಲಿಲ್ಲವೆಂದು ಬೇಸರ, ಏನು ಮಾಡಬೇಕೆಂದೂ ಸರಿಯಾಗಿ ಗೊತ್ತಿಲ್ಲ.

ಉತ್ತರ: ಬೇಸರ ಬಿಡಿ. ನಿರ್ದೇಶಕರು ಕಂಟ್ರೋಲ್ ರೂಮಿನಲ್ಲಿ ಕುಳಿತಿರುತ್ತಾರೆ. ಸ್ಟುಡಿಯೊ ನೆಲದಲ್ಲಿ ಅವರ ಕಣ್ಣು, ಬಾಯಿ ನೀವೇ. ಟಾಕ್‌ಬ್ಯಾಕಿನಲ್ಲಿ (ಕಂಟ್ರೋಲ್ ರೂಮಿನಿಂದ ತಂಡದವರ ಕಿವಿಗೆ ಮಾತು ತಲುಪಿಸುವ ವ್ಯವಸ್ಥೆ) ಅವರು ಹೇಳಿದ್ದು ನಿರೂಪಕರಿಗೆ ಯಾವಾಗಲೂ ಕೇಳಿಸುವುದಿಲ್ಲ, ಕೇಳಿಸಿದ್ದೆಲ್ಲ ಅವರಿಗೆ ಬೇಕಾಗಿಯೂ ಇರುವುದಿಲ್ಲ. ಬೇಕಾದಷ್ಟನ್ನು ಸೋಸಿ ಕೈಸನ್ನೆಯಲ್ಲಿ ದಾಟಿಸಬೇಕು: ಉಳಿದ ನಿಮಿಷಗಳಿಗೆ ಅಷ್ಟೇ ಬೆರಳು, ಮುಗಿಸಿ ಎನ್ನಲು ಕೈ ಸುತ್ತಿಸುವುದು, ನಿಲ್ಲಿಸಿ ಎನ್ನಲು ಕೊರಳ ಮುಂದೆ ಅಂಗೈ ಎಳೆಯುವುದು. ಕೊನೆಯ ಹತ್ತು ಸೆಕೆಂಡನ್ನು ಬೆರಳು ಮಡಿಸುತ್ತ ಎಣಿಸಿ. ಸನ್ನೆಗಳನ್ನು ತಾಲೀಮಿನಲ್ಲೇ ನಿರೂಪಕರ ಜತೆ ಒಪ್ಪಿಕೊಳ್ಳಿ, ಒಂದೊಂದು ಕಡೆ ಒಂದೊಂದು ರೂಢಿ ಇರುತ್ತದೆ. ನಿಲ್ಲುವುದು ಅವರು ನೋಡುತ್ತಿರುವ ಕ್ಯಾಮೆರಾದ ಲೆನ್ಸಿನ ಪಕ್ಕದಲ್ಲಿ. ಆಚೆ ನಿಂತರೆ ಅವರ ಕಣ್ಣು ಅತ್ತ ಓಡುವುದು ವೀಕ್ಷಕರಿಗೆ ಕಾಣುತ್ತದೆ.

ಸಮಯವನ್ನು ಹಿಂದಿನಿಂದ ಎಣಿಸಿ. ಕಾರ್ಯಕ್ರಮ 28 ನಿಮಿಷ 30 ಸೆಕೆಂಡ್, ಮುಕ್ತಾಯದ ಮಾತು ಮತ್ತು ಶೀರ್ಷಿಕೆಗೆ 40 ಸೆಕೆಂಡ್ ಎಂದಾದರೆ 27 ನಿಮಿಷ 50 ಸೆಕೆಂಡಿಗೆ ಚರ್ಚೆ ನಿಂತಿರಲೇಬೇಕು. ಮುಗಿಸುವ ಸನ್ನೆ ಅದಕ್ಕೆ ಒಂದು ನಿಮಿಷ ಮೊದಲು ಹೋಗಬೇಕು, ಏಕೆಂದರೆ ಅತಿಥಿ ಒಂದು ವಾಕ್ಯಕ್ಕೆ ನಿಲ್ಲಿಸುವವರಲ್ಲ.

ಪ್ರಸಾರಕ್ಕೆ ಮುನ್ನ ಇನ್ನೆರಡು ಪರೀಕ್ಷೆ. ಯಾವ ಕ್ಯಾಮೆರಾ ಪ್ರಸಾರದಲ್ಲಿದೆಯೋ ಅದರ ಕೆಂಪು ಟ್ಯಾಲಿ ದೀಪ ಹೊತ್ತುತ್ತದೆಯೇ ಎಂದು ಮೂರನ್ನೂ ಒಂದೊಂದಾಗಿ ನೋಡಿ. ತಪ್ಪು ದೀಪ ಹೊತ್ತಿದರೆ ನಿರೂಪಕರು ತಪ್ಪು ಕ್ಯಾಮೆರಾಗೆ ನಮಸ್ಕಾರ ಹೇಳುತ್ತಾರೆ. ಎರಡನೆಯದು, ನಿರೂಪಕರಿಂದ ಒಂದು ಚಪ್ಪಾಳೆ ತಟ್ಟಿಸಿ, ವಿಷನ್ ಮಿಕ್ಸರಿನಿಂದ (ಕ್ಯಾಮೆರಾಗಳ ಚಿತ್ರಗಳಲ್ಲಿ ಒಂದನ್ನು ಆರಿಸಿ ಪ್ರಸಾರಕ್ಕೆ ಕೊಡುವ ಯಂತ್ರ) ಹೊರಬಂದ ಚಿತ್ರದಲ್ಲಿ ತುಟಿ, ದನಿ ಕೂಡಿವೆಯೇ ಎಂದು ಧ್ವನಿಯವರನ್ನು ಕೇಳಿ. ವಿಷನ್ ಮಿಕ್ಸರಿನೊಳಗೆ ಚಿತ್ರ ಒಂದೆರಡು ಫ್ರೇಮ್ ತಡವಾಗುವುದು ಸಾಮಾನ್ಯ. ಸೆಕೆಂಡಿಗೆ 25 ಫ್ರೇಮ್ ಆದರೆ ಫ್ರೇಮೊಂದಕ್ಕೆ 40 ಮಿಲಿಸೆಕೆಂಡ್. ದನಿಯನ್ನೂ ಅಷ್ಟೇ ತಡಮಾಡಬೇಕು.

ಪ್ರಶ್ನೆ: ಹತ್ತು ಸೆಕೆಂಡಿಗಿಂತ ಕಡಿಮೆ ಬಳಸಿದರೆ ಚಿತ್ರಗೀತೆಗೆ ಅನುಮತಿ ಬೇಡವಂತೆ, ಹೌದೇ?

ಉತ್ತರ: ಇಲ್ಲ. ಅಂಥ ಸೆಕೆಂಡುಗಳ ನಿಯಮ ಕಾನೂನಿನಲ್ಲಿ ಇಲ್ಲ. ಹಾಡಿನಲ್ಲಿ ರಚನೆಯ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ. ಎರಡಕ್ಕೂ ಒಪ್ಪಿಗೆ ಬೇಕು. ಕ್ರಿಯೇಟಿವ್ ಕಾಮನ್ಸ್ ಸಂಗೀತ (ಕರ್ತೃ ಕೆಲವು ಷರತ್ತಿನ ಮೇಲೆ ಎಲ್ಲರ ಬಳಕೆಗೆ ಬಿಟ್ಟದ್ದು) ತೆಗೆದುಕೊಂಡರೂ ಷರತ್ತು ಓದಿ: ‘ಎನ್‌ಡಿ’ ಎಂದಿದ್ದರೆ ವಿಡಿಯೊಗೆ ಜೋಡಿಸುವಂತಿಲ್ಲ, ‘ಎನ್‌ಸಿ’ ಎಂದಿದ್ದರೆ ವಾಣಿಜ್ಯ ಬಳಕೆಗಿಲ್ಲ, ‘ಬಿವೈ’ ಎಂದಿದ್ದರೆ ಕರ್ತೃವಿನ ಹೆಸರು ಹಾಕಲೇಬೇಕು.

ಪ್ರಶ್ನೆ: ಕೊನೆಯ ವರ್ಷ. ಶೋರೀಲ್‌ನಲ್ಲಿ (ನಮ್ಮ ಕೆಲಸದ ಮಾದರಿ ತುಣುಕುಗಳ ವಿಡಿಯೊ) ಏನಿರಬೇಕು?

ಉತ್ತರ: ಒಂದೂವರೆ ನಿಮಿಷಕ್ಕೆ ಮೀರದಿರಲಿ, ಅತ್ಯುತ್ತಮ ತುಣುಕು ಮೊದಲಿಗೇ ಬರಲಿ. ಎಷ್ಟೋ ರೀಲ್‌ಗಳು ಬೀಳುವುದು ಆರಂಭದ ಹೆಸರಿನ ಅನಿಮೇಶನ್ನಿಗೇ ಹತ್ತು ಸೆಕೆಂಡ್ ಕೊಟ್ಟು. ಗುಂಪಿನ ಕೆಲಸವಾದರೆ ಪ್ರತಿ ತುಣುಕಿನ ಮೂಲೆಯಲ್ಲಿ ನಿಮ್ಮ ಪಾತ್ರ ಬರೆಯಿರಿ: ‘ಕ್ಯಾಮೆರಾ’, ‘ಸಂಕಲನ’, ‘ಧ್ವನಿ ಮಿಶ್ರಣ’. ಎಲ್ಲದರ ಮೇಲೂ ಒಂದೇ ಹಾಡು ಹಾಕಿ ಮುಚ್ಚಬೇಡಿ. ನೀವು ಹಿಡಿದ ದನಿ ಹೇಗಿದೆ ಎಂದು ಕೇಳುವವರಿಗೆ ತಿಳಿಯಬೇಕು. ಸಂಕಲನಕಾರರು ಒಂದು ದೃಶ್ಯವನ್ನಾದರೂ ಕತ್ತರಿಸದೆ 20–30 ಸೆಕೆಂಡ್ ಪೂರ್ತಿ ತೋರಿಸಲಿ, ಲಯ ಗೊತ್ತಾಗುವುದು ಅಲ್ಲೇ. ರೇಡಿಯೊದವರು ಬರಿಯ ಆಡಿಯೊ ಕಡತವನ್ನೇ ಕಳಿಸಿ. ಇಡೀ ಕಾರ್ಯಕ್ರಮಗಳ ಕೊಂಡಿ ಕೊನೆಯಲ್ಲಿರಲಿ, ಕೊಂಡಿ ಪಾಸ್‌ವರ್ಡ್ ಕೇಳುತ್ತದೆಯೇ ಎಂದು ಬೇರೆಯವರ ಫೋನಿನಲ್ಲಿ ತೆರೆದು ನೋಡಿ ಕಳಿಸಿ.