ಹತ್ತು ವರ್ಷ ಹಳೆಯ ಫ್ಲ್ಯಾಟ್ ಕೊಳ್ಳುವಾಗ ದುಡ್ಡು ಕೊಟ್ಟು ಇನ್‌ಸ್ಪೆಕ್ಷನ್ ಮಾಡಿಸಬೇಕಾ?

ಮಾಡಿಸಿ, ಆದರೆ ಸೇಲ್ ಅಗ್ರಿಮೆಂಟಿಗೆ ಸಹಿ ಹಾಕುವ ಮುಂಚೆ. ಅಡ್ವಾನ್ಸ್ ಕೊಟ್ಟಮೇಲೆ ರಿಪೋರ್ಟ್ ಹಿಡಿದು ಚೌಕಾಸಿ ಮಾಡುವುದು ಕಷ್ಟ. ಬ್ರೋಕರ್ ಕರೆತರುವ ಇಂಜಿನಿಯರ್ ಬೇಡ. ರೇರಾ (ರಿಯಲ್ ಎಸ್ಟೇಟ್) ಕಾಯ್ದೆಯಲ್ಲಿ ಕಟ್ಟಡದ ದೋಷಕ್ಕೆ ಬಿಲ್ಡರ್ ಹೊಣೆ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷ ಮಾತ್ರ. ನಿಮ್ಮ ಫ್ಲ್ಯಾಟಿಗೆ ಅದು ಮುಗಿದ ಕಥೆ.

ಮೊದಲು ನೋಡಿಸಬೇಕಾದ್ದು ನೀರು. ಮಾರುವವರು ಹೊಸದಾಗಿ ಪೇಂಟ್ ಹೊಡೆಸಿದ್ದರೆ (ಬಹುತೇಕ ಹೊಡೆಸಿರುತ್ತಾರೆ) ಕಣ್ಣಿಗೆ ಏನೂ ಕಾಣದು. ಬಾತ್‌ರೂಮ್ ಗೋಡೆಯ ಹಿಂಬದಿ, ಅಂದರೆ ಬೆಡ್‌ರೂಮಿನ ಕಡೆಯಿಂದ, ನೆಲದ ಮೇಲೆ ಒಂದಡಿವರೆಗೆ ಮಾಯಿಶ್ಚರ್ ಮೀಟರ್ (ತೇವ ಅಳೆಯುವ ಸಾಧನ) ಹಿಡಿಯಲಿ. ಅದೇ ಗೋಡೆಯ ಮೇಲ್ಭಾಗಕ್ಕಿಂತ ರೀಡಿಂಗ್ ತೀರಾ ಹೆಚ್ಚಿದ್ದರೆ ವಾಟರ್‌ಪ್ರೂಫಿಂಗ್ ಹೋಗಿದೆ, ಇಲ್ಲವೇ ಒಳಗೆ ಪೈಪ್ ಸೋರುತ್ತಿದೆ. ಅನುಮಾನವಿದ್ದರೆ ಬಾತ್‌ರೂಮಿನ ಔಟ್‌ಲೆಟ್ ಮುಚ್ಚಿ 24 ಗಂಟೆ ನೀರು ನಿಲ್ಲಿಸಿ, ಕೆಳಗಿನ ಮನೆಯ ಸೀಲಿಂಗ್ ನೋಡಬೇಕು.

ಬಿರುಕು ಕಂಡ ಕೂಡಲೇ ಹೆದರಬೇಡಿ. ಕಾಲಂ ಮತ್ತು ಬ್ಲಾಕ್ ಗೋಡೆ ಸೇರುವಲ್ಲಿ ನೆಟ್ಟಗೆ ಇಳಿದ ಕೂದಲೆಳೆ ಬಿರುಕು ಮಾಮೂಲಿ. ಎರಡೂ ಒಂದೇ ಥರ ಹಿಗ್ಗಿ ಕುಗ್ಗುವುದಿಲ್ಲ. ಬೀಮ್ ಉದ್ದಕ್ಕೂ ಬಿರುಕಿದ್ದು ತುಕ್ಕಿನ ಕಲೆ ಇಳಿದಿದ್ದರೆ ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿದೆ. ಅಲ್ಲಿ ಸ್ಟ್ರಕ್ಚರಲ್ ಇಂಜಿನಿಯರೇ ಬೇಕು.

ಪ್ರತಿ ಸಾಕೆಟ್ಟಿನ ಅರ್ತಿಂಗ್ ಪರೀಕ್ಷೆಯಾಗಲಿ. ಕರೆಂಟ್ ಸೋರಿದರೆ ಸಪ್ಲೈ ಕಡಿಯುವ ಸ್ವಿಚ್, ಅಂದರೆ 30 ಮಿಲಿಆಂಪ್ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೆ ತಕ್ಷಣ ಟ್ರಿಪ್ ಆಗಬೇಕು.

ಖಾತಾ, ಇಸಿ (ಋಣಭಾರ ಪ್ರಮಾಣಪತ್ರ) ನೋಡುವುದು ಇನ್‌ಸ್ಪೆಕ್ಷನ್ ಮಾಡುವವರ ಕೆಲಸವಲ್ಲ. ಅದಕ್ಕೆ ವಕೀಲರು ಬೇರೆ.